ಟ್ರಿಗರ್‌ಗೆ ಕಟ್ಟುವ ಗೋಡೆ

2008ರ ನವೆಂಬರ್ 28ರ ರಾತ್ರಿ ನ್ಯೂಯಾರ್ಕಿನ ನೈಟ್‌ಕ್ಲಬ್ಬೊಂದರಲ್ಲಿ ಪ್ಲ್ಯಾಕ್ಸಿಕೊ ಬರ್ರೆಸ್ ತಮ್ಮ ಬಲತೊಡೆಗೆ ತಾವೇ ಗುಂಡು ಹೊಡೆದುಕೊಂಡರು. ಬರ್ರೆಸ್ ಸಾಮಾನ್ಯ ಆಸಾಮಿಯಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯದ ಕೊನೇ ನಿಮಿಷದಲ್ಲಿ ಚೆಂಡು ಹಿಡಿದು ನ್ಯೂಯಾರ್ಕ್ ಜೈಂಟ್ಸ್ ತಂಡವನ್ನು ಗೆಲ್ಲಿಸಿದ್ದ ಆಟಗಾರ. ಹಾರಿ ಬರುವ ಚೆಂಡನ್ನು ಬೆರಳ ತುದಿಯಲ್ಲಿ ಹಿಡಿಯುವುದೇ ಅವರ ವೃತ್ತಿ. ಆ ರಾತ್ರಿ ಅವರ ಸೊಂಟದಲ್ಲಿ ಒಂದು ಗ್ಲಾಕ್ ಪಿಸ್ತೂಲಿತ್ತು, ಅದನ್ನಿಡುವ ಒರೆ, ಅಂದರೆ ಹೋಲ್‌ಸ್ಟರ್ ಇರಲಿಲ್ಲ. ಪ್ಯಾಂಟಿನ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡಿದ್ದ ಪಿಸ್ತೂಲು ಕಾಲಿನುದ್ದಕ್ಕೆ ಜಾರತೊಡಗಿತು. ಹಿಡಿಯಲು ಕೈ ಹಾಕಿದರು, ಟ್ರಿಗರ್ ಒತ್ತಿತು. ಫ್ಲೋರಿಡಾದಲ್ಲಿ ಪಡೆದಿದ್ದ ಪರವಾನಗಿಯ ಅವಧಿಯೂ ಮುಗಿದಿತ್ತು, ನ್ಯೂಯಾರ್ಕಿನಲ್ಲಿ ಅದಕ್ಕೆ ಬೆಲೆಯೂ ಇರಲಿಲ್ಲ. ಮರುವರ್ಷ ಎರಡು ವರ್ಷಗಳ ಜೈಲು ಶಿಕ್ಷೆಯಾಯಿತು.

ಪತ್ರಿಕೆಗಳು ಇದನ್ನು ಆಟಗಾರನೊಬ್ಬನ ದುಡುಕೆಂದು ಬರೆದವು. ದುಡುಕು ಇತ್ತು, ನಿಜ. ಆದರೆ ಲೆಕ್ಕ ಹಾಕಿ ನೋಡಿದರೆ ಅಲ್ಲಿ ನಡೆದದ್ದು ಶುದ್ಧ ಭೌತವಿಜ್ಞಾನ. ಗ್ಲಾಕ್‌ನ ಟ್ರಿಗರ್ ಎಳೆಯಲು ಬೇಕಾಗುವುದು ಸುಮಾರು ಎರಡೂವರೆ ಕಿಲೋ ತೂಕದಷ್ಟು ಬಲ. ಟ್ರಿಗರ್ ಚಲಿಸುವ ದೂರ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಗುಣಿಸಿದರೆ ಕಾಲು ಜೂಲ್ ಆಸುಪಾಸಿನ ಕೆಲಸ. ಅದಕ್ಕೆ ಪ್ರತಿಯಾಗಿ ನಳಿಗೆಯಿಂದ ಹೊರಬೀಳುವ ಗುಂಡಿನಲ್ಲಿರುವ ಶಕ್ತಿ ಐನೂರು ಜೂಲ್ ಆಸುಪಾಸು. ಕೊಟ್ಟದ್ದಕ್ಕಿಂತ ಎರಡು ಸಾವಿರ ಪಟ್ಟು ವಾಪಸ್. ಇಂಥ ಯಂತ್ರಕ್ಕೆ ಆ ಕಾಲು ಜೂಲ್ ಕೊಟ್ಟವರು ಯಾರು, ಬೇಕೆಂದೇ ಕೊಟ್ಟರೋ ಅಕಸ್ಮಾತ್ತಾಗಿ ಕೊಟ್ಟರೋ ಎಂಬುದು ತಿಳಿಯುವುದಿಲ್ಲ. ಬೆರಳಾದರೂ ಸರಿ, ಜಾಕೆಟ್ಟಿನ ದಾರದ ತುದಿಯ ಗುಂಡಿಯಾದರೂ ಸರಿ.

ಗ್ಲಾಕ್‌ನ ಟ್ರಿಗರ್ ನಡುವೆ ಒಂದು ಪುಟ್ಟ ನಾಲಿಗೆಯಿದೆ. ಅದನ್ನೂ ಸೇರಿಸಿ ಒತ್ತಿದರೆ ಮಾತ್ರ ಟ್ರಿಗರ್ ಹಿಂದಕ್ಕೆ ಹೋಗುತ್ತದೆ. ಒಳಗೆ ಇನ್ನೆರಡು ತಡೆಗಳಿವೆ, ಮೂರೂ ಟ್ರಿಗರ್ ಎಳೆದಾಗ ತಾವಾಗಿಯೇ ತೆರೆದುಕೊಳ್ಳುತ್ತವೆ. ಪಿಸ್ತೂಲು ನೆಲಕ್ಕೆ ಬಿದ್ದರೆ ಗುಂಡು ಹಾರಬಾರದು ಎಂಬುದಕ್ಕೆ ಈ ಏರ್ಪಾಟು. ಹಳೆಯ ರಿವಾಲ್ವರುಗಳಲ್ಲಿ ಇದಿರಲಿಲ್ಲ. 1876ರ ಜನವರಿಯಲ್ಲಿ ಕಾನ್ಸಾಸ್‌ನ ವಿಚಿಟಾದಲ್ಲಿ ಪೊಲೀಸನಾಗಿದ್ದ ವಯಟ್ ಅರ್ಪ್ ಮದ್ಯದಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿದ್ದಾಗ ರಿವಾಲ್ವರು ಹೋಲ್‌ಸ್ಟರಿನಿಂದ ಜಾರಿ ಬಿದ್ದು ಢಮ್ಮೆಂದಿತು. ಮುಂದೆ ವೈಲ್ಡ್ ವೆಸ್ಟ್ ಸಿನಿಮಾಗಳ ಮಹಾವೀರನಾದವನೇ ಈ ಅರ್ಪ್! ಅಂದಿನ ರಿವಾಲ್ವರಿನ ಸುತ್ತಿಗೆ ತೋಟೆಯ ಬೆನ್ನ ಮೇಲೇ ಕೂತಿರುತ್ತಿತ್ತು, ನೆಲಕ್ಕೆ ಅಪ್ಪಳಿಸಿದರೆ ಸಾಕಾಗುತ್ತಿತ್ತು. ತಿಳಿದವರು ಆರು ಗೂಡುಗಳಲ್ಲಿ ಐದನ್ನಷ್ಟೇ ತುಂಬಿ, ಖಾಲಿ ಗೂಡನ್ನು ಸುತ್ತಿಗೆಯ ಕೆಳಗಿಡುತ್ತಿದ್ದರು. ಆ ಬಗೆಯ ರಿವಾಲ್ವರುಗಳಿಗೆ ರೂಗರ್ ಕಂಪನಿ 1973ರಲ್ಲಿ ಟ್ರಿಗರ್ ಎಳೆದಾಗ ಮಾತ್ರ ಸುತ್ತಿಗೆಗೂ ತೋಟೆಗೆ ಬಡಿಯುವ ಪಿನ್ನಿಗೂ ನಡುವೆ ಏರುವ ಲೋಹದ ಪಟ್ಟಿಯನ್ನು ತಂದಿತು.

ಹೀಗಾಗಿ ಸುಸ್ಥಿತಿಯಲ್ಲಿರುವ ಇಂದಿನ ಪಿಸ್ತೂಲು ಬಿದ್ದರೆ ಅಪಾಯ ಕಡಿಮೆ, ಬೀಳುವುದನ್ನು ಹಿಡಿಯಲು ಹೋದರೆ ಹೆಚ್ಚು. ತರಬೇತುದಾರರು ಮೊದಲ ದಿನವೇ ಹೇಳುವ ಮಾತಿದು: ಬಿದ್ದರೆ ಬೀಳಲಿ ಬಿಡಿ, ಆಮೇಲೆ ಎತ್ತಿಕೊಳ್ಳಿ. ಬರ್ರೆಸ್‌ರಂಥ ಕೈಚಳಕದವರಿಗೆ ಇದು ಹೇಳಿದಷ್ಟು ಸುಲಭವಲ್ಲ.

ಸೊಂಟದಲ್ಲಿ ಬಚ್ಚಿಟ್ಟು ಪಿಸ್ತೂಲು ಒಯ್ಯುವ ಪರವಾನಗಿಯ ವಿಚಾರದಲ್ಲಿ ಟೆಕ್ಸಸ್‌ನ ಕಥೆ ಅಮೆರಿಕದಲ್ಲಿ ಬಹಳ ಚರ್ಚೆಯಾದದ್ದು. 1991ರ ಅಕ್ಟೋಬರ್ 16ರಂದು ಕಿಲೀನ್ ಪಟ್ಟಣದ ಲೂಬೀಸ್ ಎಂಬ ಊಟದ ಹೋಟೆಲಿಗೆ ಒಬ್ಬಾತ ಪಿಕಪ್ ವಾಹನ ನುಗ್ಗಿಸಿ, ಗುಂಡಿಕ್ಕಿ 23 ಜನರನ್ನು ಕೊಂದ. ಅಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಸುಝಾನಾ ಹಪ್ ತಮ್ಮ ರಿವಾಲ್ವರನ್ನು ಅಂದಿನ ಕಾನೂನಿಗೆ ಹೆದರಿ ಕಾರಿನಲ್ಲೇ ಬಿಟ್ಟು ಬಂದಿದ್ದರು. ಅವರ ಸಾಕ್ಷ್ಯ ದೊಡ್ಡ ಸುದ್ದಿಯಾಯಿತು. 1995ರಲ್ಲಿ ಗವರ್ನರ್ ಜಾರ್ಜ್ ಡಬ್ಲ್ಯು ಬುಷ್ ಸಹಿ ಹಾಕಿದ ಕಾನೂನಿನಿಂದ ಮರುವರ್ಷ ಪರವಾನಗಿ ವ್ಯವಸ್ಥೆ ಜಾರಿಗೆ ಬಂತು. 2021ರ ಸೆಪ್ಟೆಂಬರಿನಿಂದ ಅಲ್ಲಿ 21 ತುಂಬಿದ, ಕಾನೂನಿನ ಅಡ್ಡಿಯಿಲ್ಲದ ಯಾರು ಬೇಕಾದರೂ ಪರವಾನಗಿಯಿಲ್ಲದೆಯೇ ಪಿಸ್ತೂಲು ಒಯ್ಯಬಹುದು. ಆದರೂ ಜನ ಪರವಾನಗಿ ಮಾಡಿಸುತ್ತಾರೆ, ಬೇರೆ ಹಲವು ರಾಜ್ಯಗಳು ಅದನ್ನು ಮಾನ್ಯ ಮಾಡುತ್ತವೆ ಎಂಬ ಕಾರಣಕ್ಕೆ. ಬಂದೂಕು ಹೆಚ್ಚಿದರೆ ಸುರಕ್ಷತೆ ಹೆಚ್ಚುತ್ತದೆಯೇ ಎಂಬುದು ಬೇರೆಯೇ ಜಗಳ, ಇಲ್ಲಿ ಅದಕ್ಕೆ ಕೈ ಹಾಕುವುದಿಲ್ಲ.

ಡಾಲಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ನಮ್ಮವರು ದಂಡಿಯಾಗಿದ್ದಾರೆ. ರಾಜ್ಯದ ಕಾನೂನು ಎಷ್ಟೇ ಉದಾರವಾಗಿದ್ದರೂ, ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಒಕ್ಕೂಟ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಪರವಾನಗಿ ಇರುವುದೇ ಮೊದಲಾದ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ಅಡ್ಡಿಯಿಲ್ಲ. ಸ್ನೇಹಿತ ಕೊಂಡುಕೊಂಡನೆಂದು ತಾನೂ ಅಂಗಡಿಗೆ ಹೋಗುವ ಮುನ್ನ ಇದು ಗೊತ್ತಿರಬೇಕು, ವೀಸಾವೇ ಹೋದೀತು.

ಟೆಕ್ಸಸ್ ಪರವಾನಗಿಯ ತರಗತಿ ನಾಲ್ಕರಿಂದ ಆರು ಗಂಟೆ. ಯಾವಾಗ ಬಲಪ್ರಯೋಗ ಮಾಡಬಹುದು, ಜಗಳವನ್ನು ಮಾತಿನಲ್ಲೇ ಮುಗಿಸುವುದು ಹೇಗೆ, ಮಕ್ಕಳ ಕೈಗೆ ಸಿಗದಂತೆ ಇಡುವುದು ಹೇಗೆ ಎಂಬುದೆಲ್ಲ ಅಲ್ಲಿ ಬರುತ್ತದೆ. ಬರಹದ ಪರೀಕ್ಷೆಯಾದ ಮೇಲೆ 50 ಗುಂಡು: 3 ಗಜದಿಂದ 20, 7 ಗಜದಿಂದ 20, 15 ಗಜದಿಂದ 10. ಒಟ್ಟು 250 ಅಂಕ, 175 ಬಂದರೆ ಪಾಸು.

ಗುರಿಹಲಗೆ ದೊಡ್ಡದು, ದೂರವೂ ಹೆಚ್ಚಿಲ್ಲ. ಆದರೂ ಎಡವುವವರಿದ್ದಾರೆ. ಪಿಸ್ತೂಲಿನ ಹಿಂದಿನ ಮುಂದಿನ ಗುರಿಕಂಡಿಗಳ ನಡುವಿನ ಅಂತರ ಸುಮಾರು 15 ಸೆಂಟಿಮೀಟರ್. 15 ಗಜವೆಂದರೆ 13.7 ಮೀಟರ್, ಅಂದರೆ ಅದರ ತೊಂಬತ್ತು ಪಟ್ಟು. ಕಂಡಿಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಹಲಗೆಯಲ್ಲಿ ಒಂಬತ್ತು ಸೆಂಟಿಮೀಟರ್ ತಪ್ಪುತ್ತದೆ. ಆದರೆ ಹೊಸಬರನ್ನು ಕೆಡಿಸುವುದು ಕಣ್ಣಲ್ಲ, ಮಿದುಳು. ಸದ್ದು, ಒದೆತ ಈಗ ಬರುತ್ತದೆಂದು ಅದಕ್ಕೆ ಗೊತ್ತು. ಬರುವ ಮೊದಲೇ ಕೈಯನ್ನು ಬಿಗಿ ಮಾಡಿ ಮೂತಿಯನ್ನು ಕೆಳಕ್ಕೆ ಒತ್ತಿಬಿಡುತ್ತದೆ. ನಿಜವಾದ ಒದೆತದಿಂದ ಗುರಿ ಅಷ್ಟಾಗಿ ಕೆಡುವುದಿಲ್ಲ, ಏಕೆಂದರೆ ಗುಂಡು ಒಂದು ಮಿಲಿಸೆಕೆಂಡಿನೊಳಗೆ ನಳಿಗೆ ಬಿಟ್ಟಿರುತ್ತದೆ. ತರಬೇತುದಾರರು ಗೊತ್ತಾಗದಂತೆ ನಡುವೆ ಒಂದೆರಡು ಹುಸಿ ತೋಟೆ ಸೇರಿಸಿ ಕೊಡುತ್ತಾರೆ. ಸದ್ದಿಲ್ಲ, ಒದೆತವಿಲ್ಲ, ಆದರೂ ಪಿಸ್ತೂಲಿನ ಮೂತಿ ಸರಕ್ಕನೆ ಕೆಳಕ್ಕೆ ಬಾಗುತ್ತದೆ. ನೋಡಿದವರಿಗೆ ನಗು, ಮಾಡಿದವರಿಗೆ ಪಾಠ. ಇದಕ್ಕೆ ಮದ್ದು ಖಾಲಿ ಪಿಸ್ತೂಲಿನಲ್ಲಿ ನಿಧಾನವಾಗಿ ಟ್ರಿಗರ್ ಎಳೆಯುವ ಅಭ್ಯಾಸ. ಅಭ್ಯಾಸ ಮಾಡುವ ಕೋಣೆಯಲ್ಲಿ ಒಂದೇ ಒಂದು ತೋಟೆಯೂ ಇರಬಾರದು. ನಿಜವಾದ ಗುಂಡು ಹಾರಿಸಿ ಅಭ್ಯಾಸ ಮಾಡುವಾಗ ಕಿವಿಮುಚ್ಚುಗ ಬೇಕೇ ಬೇಕು. ಪಿಸ್ತೂಲಿನ ಸದ್ದು 160 ಡೆಸಿಬೆಲ್ ಹತ್ತಿರದ್ದು, 140ಕ್ಕೇ ಕಿವಿಗೆ ಶಾಶ್ವತ ಪೆಟ್ಟಾಗಬಹುದು.

ಈ ಪರೀಕ್ಷೆಯಲ್ಲಿ ಇಲ್ಲದ ಒಂದು ಸಂಗತಿಯಿದೆ. ಹೋಲ್‌ಸ್ಟರಿನಿಂದ ಪಿಸ್ತೂಲು ತೆಗೆಯುವುದನ್ನಾಗಲೀ ವಾಪಸ್ ಇಡುವುದನ್ನಾಗಲೀ ಯಾರೂ ಪರೀಕ್ಷಿಸುವುದಿಲ್ಲ. ಕೈಯಲ್ಲಿ ಹಿಡಿದೇ ಶುರು. ಪರವಾನಗಿ ಪಡೆದವರು ಜೀವಮಾನದಲ್ಲಿ ಒಮ್ಮೆಯೂ ಆತ್ಮರಕ್ಷಣೆಗೆ ಗುಂಡು ಹಾರಿಸದಿರುವ ಸಾಧ್ಯತೆಯೇ ಹೆಚ್ಚು, ಆದರೆ ಪಿಸ್ತೂಲನ್ನು ಒಳಗಿಡುವ ಹೊರಗೆಳೆಯುವ ಕೆಲಸ ದಿನಾ ಇದ್ದದ್ದೇ. ಇಲ್ಲಿಂದ ಮುಂದೆ ಕಾವಲು ಕಾಯುವುದು ಕಾನೂನಲ್ಲ, ಹೋಲ್‌ಸ್ಟರ್.

ಅಂಗಡಿಯಲ್ಲಿ ಹೋಲ್‌ಸ್ಟರ್ ಕೇಳಿದವರು ಮೊದಲು ನೋಡುವುದು ಆರಾಮವನ್ನು, ಆಮೇಲೆ ಬೆಲೆಯನ್ನು. ನೋಡಬೇಕಾದದ್ದು ಟ್ರಿಗರ್ ಸುತ್ತಲಿನ ಬಳೆಯ ಭಾಗ. ಆ ಬಳೆ ಪೂರ್ತಿ ಮುಚ್ಚಿರಬೇಕು, ಮುಚ್ಚಿರುವ ವಸ್ತು ಹೊರಗಿನಿಂದ ಒತ್ತಿದರೂ ಒಳಗೆ ಬಾಗಬಾರದು. ಎರಡನೆಯದು ಬಾಯಿ. ಪಿಸ್ತೂಲು ಹೊರಗಿದ್ದಾಗಲೂ ಹೋಲ್‌ಸ್ಟರಿನ ಬಾಯಿ ತೆರೆದೇ ನಿಲ್ಲಬೇಕು. ಮೂರನೆಯದು ಹಿಡಿತ: ಓಡಿದರೂ ಬಗ್ಗಿದರೂ ಪಿಸ್ತೂಲು ಜಾರಬಾರದು.

ಚರ್ಮದ್ದು ನೂರಾರು ವರ್ಷಗಳ ಹಳೆಯ ಕಸುಬು. ಮರದ ತೊಗಟೆಯ ಟ್ಯಾನಿನ್‌ನಲ್ಲಿ ಹದ ಮಾಡಿದ ದಪ್ಪ ಚರ್ಮವನ್ನು ನೆನೆಸಿ ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿ ಒಣಗಿಸುತ್ತಾರೆ. ನೀರು ಹೋದಂತೆ ಚರ್ಮದ ಕೊಲಾಜೆನ್ ಎಳೆಗಳು ಹೊಸ ಜಾಗದಲ್ಲಿ ಬಿಗಿದುಕೊಂಡು ಆ ಆಕಾರವೇ ನಿಲ್ಲುತ್ತದೆ. ಮೈಗೆ ಹಿತ, ಸದ್ದಿಲ್ಲ, ನೋಡಲು ಚೆಂದ. ಆದರೆ ನೀರಿನಿಂದ ಬಂದ ಆಕಾರವನ್ನು ಬೆವರು ಮೆಲ್ಲಗೆ ಕಸಿದುಕೊಳ್ಳುತ್ತದೆ. ವರ್ಷಗಳ ಬಳಕೆಯ ನಂತರ ಬಾಯಿಯ ಅಂಚು ಮೆತ್ತಗಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಪಿಸ್ತೂಲನ್ನು ಒತ್ತಿ ಕೂರಿಸುವಾಗ ಆ ಮಡಿಕೆ ಬಳೆಯೊಳಗೆ ನುಗ್ಗಿ ಟ್ರಿಗರಿನ ಮುಂದೆ ನಿಲ್ಲುತ್ತದೆ. ಕೈ ಕೆಳಗೆ ತಳ್ಳುತ್ತದೆ, ಮಡಿಕೆ ಅಲ್ಲೇ ನಿಂತಿರುತ್ತದೆ, ಟ್ರಿಗರ್ ಹಿಂದೆ ಸರಿಯುತ್ತದೆ. ಬೆರಳು ಎಲ್ಲೋ ಇದ್ದರೂ ಗುಂಡು ಸೊಂಟದಲ್ಲಿ. ಇಂಥ ಅಪಘಾತಗಳು ನಿಜವಾಗಿ ಆಗಿವೆ.

ಕೈಡೆಕ್ಸ್ ಎಂಬುದು ಅಕ್ರಿಲಿಕ್ ಮತ್ತು ಪಿವಿಸಿ ಬೆರೆತ ಪ್ಲಾಸ್ಟಿಕ್ ಹಾಳೆ. ವಿಮಾನದ ಒಳಭಾಗದ ಹೊದಿಕೆಗಳಿಗೆ ಬಳಕೆಯಾಗುತ್ತಿದ್ದ ಸಾಮಾನು ಈಗ ಸೊಂಟಕ್ಕೆ ಇಳಿದಿದೆ. 170 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿದರೆ ಹಪ್ಪಳದ ಹಿಟ್ಟಿನಂತೆ ಮೆದುವಾಗುತ್ತದೆ. ಅಚ್ಚಿನ ಮೇಲೆ ಹಾಕಿ ಒತ್ತಿ ತಣಿಸಿದರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಬೆವರಿಗೆ ಜಗ್ಗುವುದಿಲ್ಲ. ಬಳೆಯ ಕುಳಿಯಲ್ಲಿ ಹಾಳೆ ಒಳಸೇರಿ ಕೂರುವುದರಿಂದ ಪಿಸ್ತೂಲು ಇಟ್ಟಾಗ ಟಕ್ ಎಂದು ಸದ್ದಾಗುತ್ತದೆ. ದೋಷವೂ ಇದೆ: ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಸೊಟ್ಟಗಾಗಬಹುದು, ಮೈಗೆ ಒತ್ತುತ್ತದೆ, ಒಂದು ಮಾದರಿಯ ಪಿಸ್ತೂಲಿಗೆ ಮಾಡಿದ್ದು ಇನ್ನೊಂದಕ್ಕೆ ಆಗುವುದಿಲ್ಲ. ಎಲ್ಲಕ್ಕೂ ಆಗುತ್ತದೆಂದು ಮಾರುವ ಮೆತ್ತನೆಯ ನೈಲಾನ್ ಚೀಲಗಳಿವೆಯಲ್ಲ, ನನ್ನ ಲೆಕ್ಕದಲ್ಲಿ ಅವು ಯಾವುದಕ್ಕೂ ಆಗುವುದಿಲ್ಲ.

ಬಚ್ಚಿಡುವುದರಲ್ಲೂ ಒಂದು ವಿಚಿತ್ರವಿದೆ. ನಳಿಗೆ ಎಷ್ಟು ಉದ್ದವಿದ್ದರೂ ಪ್ಯಾಂಟಿನೊಳಗೆ ಅಡಗುತ್ತದೆ, ಅಂಗಿಯ ಮೇಲೆ ಉಬ್ಬಿ ಗುಟ್ಟು ಬಿಟ್ಟುಕೊಡುವುದು ಹಿಡಿ. ಅದಕ್ಕೆಂದು ಹೊಸ ಹೋಲ್‌ಸ್ಟರುಗಳ ಪಕ್ಕದಲ್ಲಿ ಚಿಕ್ಕ ರೆಕ್ಕೆಯೊಂದಿರುತ್ತದೆ. ಬೆಲ್ಟ್ ಅದನ್ನು ಒಳಕ್ಕೆ ಒತ್ತಿದಾಗ ಸನ್ನೆಯಂತೆ ತಿರುಗಿ ಹಿಡಿಯನ್ನು ಹೊಟ್ಟೆಯ ಕಡೆ ಎಳೆಯುತ್ತದೆ. ಬೆಲ್ಟ್ ಗಟ್ಟಿಯಿದ್ದರೆ ಮಾತ್ರ ಇದು ಕೆಲಸ ಮಾಡೀತು. ತೋಟೆ ತುಂಬಿದ ಗ್ಲಾಕ್ 19 ಸುಮಾರು 850 ಗ್ರಾಂ ತೂಗುತ್ತದೆ, ತೆಳ್ಳನೆ ಬೆಲ್ಟಿಗೆ ಅದನ್ನು ಹೊರುವ ತಾಕತ್ತಿಲ್ಲ. ಹೊಕ್ಕುಳ ಪಕ್ಕದಲ್ಲಿ ಇಟ್ಟುಕೊಳ್ಳುವ ಶೈಲಿ ಈಗ ಜನಪ್ರಿಯ, ಬೇಗ ಕೈಗೆ ಸಿಗುತ್ತದೆ, ಚೆನ್ನಾಗಿ ಅಡಗುತ್ತದೆ. ಮೂತಿ ಮಾತ್ರ ತೊಡೆಯ ದೊಡ್ಡ ರಕ್ತನಾಳದ ಕಡೆಗಿರುತ್ತದೆ. ಅದು ಹರಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು.

ಬೆರಳು ಟ್ರಿಗರಿನಿಂದ ದೂರವಿದ್ದರೆ ಸಾಕಲ್ಲವೇ ಎಂದು ಕೇಳಬಹುದು. ಬೆರಳು ಯಾವಾಗಲೂ ಹೇಳಿದ ಮಾತು ಕೇಳುವುದಿಲ್ಲ. ಕೊಲೊರಾಡೊ ವಿಶ್ವವಿದ್ಯಾಲಯದ ಶರೀರಕ್ರಿಯಾ ವಿಜ್ಞಾನಿ ರೋಜರ್ ಎನೋಕಾ 2003ರಲ್ಲಿ ಇದರ ಮೂರು ಕಾರಣಗಳನ್ನು ವಿವರಿಸಿದರು. ಒಂದು ಕೈ ಬಲವಾಗಿ ಏನನ್ನೋ ಹಿಡಿದರೆ ಇನ್ನೊಂದು ಕೈಯ ಸ್ನಾಯುಗಳೂ ತಮಗೆ ತಾವೇ ಬಿಗಿಯುತ್ತವೆ. ಕಾಲು ಜಾರಿದರೆ, ಬೆಚ್ಚಿಬಿದ್ದರೆ ಕೂಡ ಮುಷ್ಟಿ ಬಿಗಿಯುತ್ತದೆ. ಮೂರರಲ್ಲೂ ಇಚ್ಛೆಯ ಪಾತ್ರವಿಲ್ಲ.

ಅಮೆರಿಕದ ಮಾತು ಹೀಗಾದರೆ, ಭಾರತದಲ್ಲಿ ಪರವಾನಗಿಯೇ ಅಪರೂಪ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷ ಮುಂದುವರಿಸಿತು, ಆದರೆ ಅಲ್ಲಿನ ಮನೆಗಳ ಕೋವಿಗೂ ಸೊಂಟದ ಪಿಸ್ತೂಲಿಗೂ ಹೋಲಿಕೆಯಿಲ್ಲ. ಉಳಿದವರಿಗೆ ಅನ್ವಯಿಸುವ 2016ರ ಶಸ್ತ್ರಾಸ್ತ್ರ ನಿಯಮಗಳು ಸಾರ್ವಜನಿಕ ಜಾಗದಲ್ಲಿ ಪಿಸ್ತೂಲನ್ನು ಹೋಲ್‌ಸ್ಟರಿನಲ್ಲಿ ಅಥವಾ ಅಂಥದೇ ಚೀಲದಲ್ಲಿ, ಪೂರ್ತಿ ಮುಚ್ಚಿ, ಹತೋಟಿ ತಪ್ಪದಂತೆ ಒಯ್ಯಬೇಕೆನ್ನುತ್ತವೆ. ಮದುವೆ ಮೆರವಣಿಗೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆರೆಯುವವರು ಇದನ್ನು ಓದಿದಂತಿಲ್ಲ.

ಹೋಲ್‌ಸ್ಟರ್ ಕೊಂಡ ಮೇಲೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳು ಸರಳ. ಪಿಸ್ತೂಲು ಖಾಲಿಯೆಂದು ಎರಡು ಬಾರಿ ನೋಡಿ, ತೋಟೆಗಳನ್ನು ಬೇರೆ ಕೋಣೆಗೆ ಸಾಗಿಸಿ. ಹೋಲ್‌ಸ್ಟರಿನಲ್ಲಿಟ್ಟು ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿ, ಬೀಳಬಾರದು. ಹೊರಗಿನಿಂದ ಬಳೆಯ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ, ಟ್ರಿಗರ್ ಅಲುಗಿದ ಸದ್ದು ಬರಬಾರದು. ಧರಿಸಿಕೊಂಡು ಕೂತು, ಎದ್ದು, ಶೂ ದಾರ ಕಟ್ಟಿ ನೋಡಿ. ವಾಪಸ್ ಇಡುವಾಗ ಅಂಗಿಯನ್ನು ಎತ್ತಿ ಹಿಡಿದು, ಹೋಲ್‌ಸ್ಟರಿನ ಬಾಯಿಯನ್ನು ಕಣ್ಣಾರೆ ನೋಡುತ್ತ, ನಿಧಾನವಾಗಿ ಇಳಿಸಿ. ಬೇಗ ಹೊರಗೆಳೆಯಬೇಕಾದ ಸಂದರ್ಭ ಬರಬಹುದು, ಬೇಗ ಒಳಗಿಡಬೇಕಾದ ಸಂದರ್ಭ ಬರುವುದು ತೀರಾ ಕಡಿಮೆ. ಎಲ್ಲಾದರೂ ತಡೆದಂತಾದರೆ ಒತ್ತಬೇಡಿ, ಹೊರತೆಗೆದು ಏನು ಸಿಕ್ಕಿಕೊಂಡಿದೆ ನೋಡಿ. ಬಾಯಿ ಮೆತ್ತಗಾದ ಹಳೆಯ ಚರ್ಮದ ಹೋಲ್‌ಸ್ಟರನ್ನು ಇನ್ಯಾರಿಗೂ ದಾನ ಕೊಡಬೇಡಿ, ಕತ್ತರಿಯಿಂದ ಎರಡು ತುಂಡು ಮಾಡಿಯೇ ಕಸಕ್ಕೆ ಹಾಕಿ.