ಪ್ರಸಾಧನ ಸಾಧನಗಳ ಶುಚಿತ್ವ

ಮುಖಕ್ಕೆ ಲೇಪಿಸುವ ವಸ್ತು ಯಾವುದು, ಅದು ನಮ್ಮ ಚರ್ಮಕ್ಕೆ ಹೊಂದುವುದೋ ಇಲ್ಲವೋ ಎಂದು ಎಲ್ಲರೂ ವಿಚಾರಿಸುತ್ತಾರೆ. ಅದನ್ನು ಲೇಪಿಸುವ ಬ್ರಷ್, ಸ್ಪಂಜು, ಕಾಡಿಗೆ ಕಡ್ಡಿ, ತಲೆ ಬಾಚುವ ಬಾಚಣಿಗೆ ಇವುಗಳ ಸ್ಥಿತಿಯನ್ನು ವಿಚಾರಿಸುವವರು ವಿರಳ. ಮದುವೆಯ ಮನೆಯಲ್ಲಿ ವಧುವಿಗೂ ಅವಳ ಜೊತೆಯ ಹೆಣ್ಣುಮಕ್ಕಳಿಗೂ ಒಂದೇ ಬ್ರಷ್. ಶಾಲಾ ವಾರ್ಷಿಕೋತ್ಸವದ ನೃತ್ಯಕ್ಕೆ ಸಿದ್ಧರಾಗುವ ಇಪ್ಪತ್ತು ಮಕ್ಕಳ ಕಣ್ಣಿಗೂ ಒಂದೇ ಕಾಡಿಗೆ. ಇಂತಹ ಸಮಾರಂಭಗಳು ಮುಗಿದ ಮರುವಾರ ಕೆಂಪಾದ ಕಣ್ಣು, ರೆಪ್ಪೆಯಂಚಿನ ಕುರು, ಕೆನ್ನೆಯ ಮೇಲಿನ ಗುಳ್ಳೆಗಳೊಡನೆ ಚಿಕಿತ್ಸಾಲಯಕ್ಕೆ ಬರುವವರನ್ನು ನಾವು ವರ್ಷವೂ ಕಾಣುತ್ತೇವೆ. ಆದುದರಿಂದ ಈ ಸಂಚಿಕೆಯಲ್ಲಿ ಈ ಸಣ್ಣ ಸಾಧನಗಳ ಶುದ್ಧಿಯನ್ನು ಕುರಿತು ವಿವೇಚಿಸೋಣ.

ಶಾಸ್ತ್ರದ ದೃಷ್ಟಿ

ಇದು ಇಂದಿನ ಕಾಲದ ಹೊಸ ಆತಂಕವೆಂದು ಭಾವಿಸಬೇಕಾಗಿಲ್ಲ. ರೋಗಗಳು ಮನುಷ್ಯನಿಂದ ಮನುಷ್ಯನಿಗೆ ಹರಡುವ ಮಾರ್ಗಗಳನ್ನು ಸುಶ್ರುತಾಚಾರ್ಯರು ತಮ್ಮ ಸಂಹಿತೆಯ ನಿದಾನಸ್ಥಾನದಲ್ಲಿ ಎಣಿಸಿದ್ದಾರೆ. ಮೈ ಸೋಂಕುವುದು, ಉಸಿರು, ಸಹಭೋಜನ, ಒಂದೇ ಹಾಸಿಗೆ ಮತ್ತು ಆಸನದ ಬಳಕೆ ಇವುಗಳ ಜೊತೆಗೆ ಒಬ್ಬರು ಬಳಸಿದ ವಸ್ತ್ರ, ಮಾಲೆ ಮತ್ತು ಲೇಪನಗಳನ್ನೂ ಅವರು ಸೇರಿಸಿದ್ದಾರೆ. ಹೀಗೆ ಹರಡುವ ವ್ಯಾಧಿಗಳಲ್ಲಿ ಚರ್ಮರೋಗವೂ ನೇತ್ರಾಭಿಷ್ಯಂದವೂ, ಅಂದರೆ ನಾವು ಕಣ್ಣುಬೇನೆ ಎನ್ನುವ ಕೆಂಗಣ್ಣಿನ ರೋಗವೂ, ಇವೆ. ಕಣ್ಣಿಗೆ ಅಂಜನ ಹಚ್ಚುವ ಶಲಾಕೆಯ ರಚನೆಯನ್ನೂ ಅವರು ವಿವರಿಸಿದ್ದಾರೆ: ಎಂಟು ಅಂಗುಲ ಉದ್ದ, ನಡುವೆ ತೆಳು, ಎರಡು ತುದಿಗಳೂ ಮೊಗ್ಗಿನಂತೆ ದುಂಡು. ಚಿನ್ನ, ಬೆಳ್ಳಿ, ತಾಮ್ರ ಮೊದಲಾದ ಲೋಹಗಳಿಂದ ಮಾಡಿದ ನುಣುಪಾದ ಶಲಾಕೆಯನ್ನು ತೊಳೆದರೆ ಮಲಿನತೆ ಸುಲಭವಾಗಿ ಹೋಗುತ್ತದೆ. ಇಂದಿನ ಕೂದಲಿನ ಬ್ರಷ್ಷಿಗೂ ತೂತುಗಳಿಂದ ತುಂಬಿದ ಸ್ಪಂಜಿಗೂ ಆ ಅನುಕೂಲವಿಲ್ಲ.

ಮಲಿನತೆ ಸೇರುವ ಬಗೆ

ಬ್ರಷ್ ಮುಖವನ್ನು ಸೋಕಿದಾಗಲೆಲ್ಲ ಚರ್ಮದ ಜಿಡ್ಡು, ಬೆವರು, ಉದುರಿದ ಚರ್ಮದ ಕಣಗಳು ಅದಕ್ಕೆ ಅಂಟುತ್ತವೆ. ಇವೇ ಸೂಕ್ಷ್ಮಾಣುಗಳಿಗೆ ಆಹಾರ. ತೇವವೂ ಜೊತೆಗೂಡಿದರೆ ಅವು ವೃದ್ಧಿಯಾಗುತ್ತವೆ. ಒದ್ದೆ ಸ್ಪಂಜನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಳಗೆ ಬೂಷ್ಟು ಬೆಳೆಯುತ್ತದೆ. ಮೊಡವೆಯಿರುವ ಮುಖಕ್ಕೆ ಬಳಸಿದ ಬ್ರಷ್ಷನ್ನು ತೊಳೆಯದೆ ಮತ್ತೆ ಬಳಸಿದರೆ ನಿನ್ನೆಯ ಮಲಿನತೆಯನ್ನು ಇಂದಿನ ಮುಖಕ್ಕೆ ಮರಳಿ ಹಚ್ಚಿದಂತಾಗುತ್ತದೆ.

ಕಣ್ಣಿನ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಮಸ್ಕಾರದ ಕಡ್ಡಿಯು ಪ್ರತಿಬಾರಿಯೂ ರೆಪ್ಪೆಯನ್ನು ಸೋಕಿ, ದ್ರವ ತುಂಬಿದ ಕೊಳವೆಗೆ ಹಿಂದಿರುಗುತ್ತದೆ. ರೆಪ್ಪೆಯ ಸೂಕ್ಷ್ಮಾಣುಗಳು ಆ ಕತ್ತಲೆಯ ತೇವದಲ್ಲಿ ನೆಲೆಸುತ್ತವೆ. ಆಯುರ್ವೇದದಲ್ಲಿ ಅಂಜನನಾಮಿಕಾ ಎನಿಸಿದ ರೆಪ್ಪೆಯಂಚಿನ ಕುರುವಿಗೆ ಇದು ಒಂದು ಕಾರಣ. ಕಡ್ಡಿಯ ತುದಿ ತಗುಲಿ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಗೀರಿದರೆ, ಅದೇ ಗಾಯದಿಂದ ಸೋಂಕು ಒಳಹೊಕ್ಕು ಹುಣ್ಣಾಗಿ ದೃಷ್ಟಿಗೇ ಹಾನಿಯಾಗಬಹುದು.

ಶುದ್ಧಿಯ ಕ್ರಮ

ನಿತ್ಯ ಬಳಸುವ ಬ್ರಷ್‌ಗಳನ್ನು 7ರಿಂದ 10 ದಿನಗಳಿಗೊಮ್ಮೆ ತೊಳೆಯಬೇಕು. ಒಂದು ಬಟ್ಟಲು ಉಗುರುಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚೆಯಷ್ಟು ಸೌಮ್ಯ ಶಾಂಪೂ ಬೆರೆಸಿರಿ. ಬ್ರಷ್ಷಿನ ಕೂದಲ ಭಾಗವನ್ನಷ್ಟೇ ಅದರಲ್ಲಿ ಅದ್ದಿ, ಅಂಗೈಯ ಮೇಲೆ ಮೃದುವಾಗಿ ತಿರುಗಿಸಿ, ಬಳಿಕ ಹರಿಯುವ ನೀರಿನಲ್ಲಿ ತಿಳಿನೀರು ಬರುವವರೆಗೆ ಜಾಲಿಸಿರಿ. ಹಿಡಿಯ ಬುಡಕ್ಕೆ ನೀರಿಳಿದರೆ ಅಂಟು ಬಿಟ್ಟು ಕೂದಲು ಉದುರುತ್ತದೆ. ಶುಭ್ರ ಬಟ್ಟೆಯಿಂದ ಒತ್ತಿ, ಕೂದಲ ಭಾಗವು ಮೇಜಿನ ಅಂಚಿನಿಂದ ಹೊರಚಾಚುವಂತೆ ಮಲಗಿಸಿ, ಗಾಳಿಯಾಡುವಲ್ಲಿ ಒಣಗಿಸಿರಿ. ಪೂರ್ಣ ಒಣಗುವ ಮೊದಲು ಚೀಲಕ್ಕೆ ಸೇರಿಸಬೇಡಿರಿ. ಒಣಗಿಸುವುದು ಶುದ್ಧಿಯ ಅರ್ಧಭಾಗ.

ಬೇವಿನ ನೀರಿನಲ್ಲೋ ಅರಿಶಿನದ ನೀರಿನಲ್ಲೋ ಅದ್ದಿದರೆ ಸಾಲದೇ ಎಂದು ಅನೇಕರು ನಮ್ಮನ್ನು ಕೇಳುತ್ತಾರೆ. ಆ ಮೂಲಿಕೆಗಳ ಗುಣವನ್ನು ನಾವು ಅರಿತಿದ್ದೇವೆ. ಆದರೆ ಜಿಡ್ಡು ಕರಗದೆ ಶುದ್ಧಿಯಾಗದು, ಜಿಡ್ಡನ್ನು ಕರಗಿಸಲು ಸಾಬೂನು ಅಥವಾ ಶಾಂಪೂ ಬೇಕು. ಬಾಚಣಿಗೆ ತೊಳೆಯಲು ಅಂಟುವಾಳದ ಸೋಸಿದ ನೊರೆನೀರು ಆಗಬಹುದು. ಅದು ಕಣ್ಣಿಗೆ ಉರಿ ತರುವುದರಿಂದ ಕಣ್ಣಿನ ಬ್ರಷ್‌ಗಳಿಗೆ ಬೇಡ.

ಚಿಮಟ, ಸಣ್ಣ ಕತ್ತರಿ, ಉಗುರು ಕತ್ತರಿ ಮೊದಲಾದ ಲೋಹದ ಸಾಧನಗಳನ್ನು ಮೊದಲು ಸಾಬೂನಿನಿಂದ ತೊಳೆದು, ಅನಂತರ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ತಾನಾಗಿ ಆರಲು ಬಿಡಬೇಕು. ದೀಪ ಮತ್ತು ಒಲೆಯ ಸಮೀಪ ಈ ಕೆಲಸ ಸಲ್ಲದು. ಹೇನು ಬಿದ್ದವರ ಬಾಚಣಿಗೆಯನ್ನು 54 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ, ಅಂದರೆ ಕೈ ತಾಳದಷ್ಟು ಬಿಸಿಯಾದ ನೀರಿನಲ್ಲಿ 5ರಿಂದ 10 ನಿಮಿಷ ಮುಳುಗಿಸಿಡಬೇಕು.

ತ್ಯಜಿಸುವ ಕಾಲ

ಮಸ್ಕಾರ ಮತ್ತು ದ್ರವರೂಪದ ಕಣ್ಣಿನ ಪ್ರಸಾಧನಗಳನ್ನು ತೆರೆದ ಮೂರು ತಿಂಗಳಿಗೆ ತ್ಯಜಿಸುವುದು ಕ್ಷೇಮ. ಒಣಗಿತೆಂದು ಅದಕ್ಕೆ ನೀರನ್ನಾಗಲಿ ಎಂಜಲನ್ನಾಗಲಿ ಬೆರೆಸಕೂಡದು. ಸ್ಪಂಜನ್ನು ಬಳಸಿದ ಪ್ರತಿಬಾರಿ ತೊಳೆಯಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಹರಿದರೆ ಅಥವಾ ವಾಸನೆ ಬಂದರೆ ಅಂದೇ ಎಸೆಯಬೇಕು. ಕೂದಲು ಉದುರುವ ಬ್ರಷ್, ಹಲ್ಲು ಮುರಿದ ಬಾಚಣಿಗೆ, ತುಕ್ಕು ಹಿಡಿದ ಚಿಮಟ ಇವು ಚರ್ಮವನ್ನು ಗೀರುವುದರಿಂದ ಇವನ್ನೂ ಬಿಡಬೇಕು. ಕಣ್ಣುಬೇನೆ ಬಂದಾಗ ಬಳಸಿದ ಕಾಡಿಗೆಯನ್ನು ಗುಣವಾದ ಮೇಲೆ ಮತ್ತೆ ಮುಟ್ಟಬಾರದು. ಬೆಲೆ ಕೊಟ್ಟು ತಂದದ್ದೆಂಬ ಮರುಕ ಸಹಜವೇ. ಆದರೆ ಕಣ್ಣಿನ ಮುಂದೆ ಆ ಬೆಲೆ ಅಲ್ಪ.

ಹಂಚಿಕೊಳ್ಳಬಾರದವು

ಹಂಚಿ ಉಣ್ಣುವುದು ನಮ್ಮ ಸಂಸ್ಕಾರ. ಆದರೆ ಕಾಡಿಗೆ, ಮಸ್ಕಾರ, ತುಟಿಯ ಬಣ್ಣ, ರೇಜರ್, ಬ್ಲೇಡು ಇವನ್ನು ಮನೆಯವರೊಡನೆಯೂ ಹಂಚಿಕೊಳ್ಳಬಾರದು. ಈ ಮಾತು ಗಂಡಸರಿಗೂ ಅನ್ವಯಿಸುತ್ತದೆ. ಹೆಪಟೈಟಿಸ್ ಬಿ ರೋಗದ ವೈರಾಣು ಕಣ್ಣಿಗೆ ಕಾಣದಷ್ಟು ಅಲ್ಪ ರಕ್ತದಲ್ಲಿಯೂ ದೇಹದ ಹೊರಗೆ ಕನಿಷ್ಠ 7 ದಿನ ಸೋಂಕುವ ಶಕ್ತಿಯನ್ನು ಉಳಿಸಿಕೊಳ್ಳಬಲ್ಲದು. ಕ್ಷೌರದ ಅಂಗಡಿಯಲ್ಲಿ ಹೊಸ ಬ್ಲೇಡನ್ನು ನಮ್ಮೆದುರೇ ತೆರೆಯುವಂತೆ ಕೇಳುವುದರಲ್ಲಿ ಸಂಕೋಚ ಬೇಡ.

ಮಕ್ಕಳ ಕಾರ್ಯಕ್ರಮಗಳಿಗೆ ಒಂದು ಸರಳೋಪಾಯವಿದೆ. ಪ್ರತಿ ಮಗುವೂ ತನ್ನ ಮನೆಯಿಂದಲೇ ಕಾಡಿಗೆ ಮತ್ತು ಬಾಚಣಿಗೆ ತರಲಿ. ಅದು ಸಾಧ್ಯವಾಗದಿದ್ದರೆ ಬಣ್ಣವನ್ನು ಶುಭ್ರವಾದ ತಟ್ಟೆಗೆ ಸ್ವಲ್ಪ ಸ್ವಲ್ಪವೇ ತೆಗೆದುಕೊಂಡು, ಒಂದು ಮಗುವಿಗೆ ಒಂದು ಹತ್ತಿಕಡ್ಡಿಯಂತೆ ಬಳಸಿ ಎಸೆಯಲಿ. ಬಳಸಿದ ಕಡ್ಡಿಯನ್ನು ಬಣ್ಣಕ್ಕೆ ಮರಳಿ ಅದ್ದಬಾರದು. ಕಣ್ಣು ಕೆಂಪಾಗಿರುವ ಮಗುವಿಗೆ ಅಂದು ಕಣ್ಣಿನ ಅಲಂಕಾರವೇ ಬೇಡ.

ಇಷ್ಟಾದರೂ ಕಣ್ಣಿನಲ್ಲಿ ನೋವು, ದೃಷ್ಟಿ ಮಸುಕಾಗುವುದು, ಬೆಳಕು ಸಹಿಸಲಾಗದಿರುವುದು, ಕಪ್ಪುಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ ನೇತ್ರತಜ್ಞರಲ್ಲಿಗೆ ಹೋಗಬೇಕು. ಎದೆಹಾಲು, ಜೇನು, ಸೊಪ್ಪಿನ ರಸಗಳನ್ನು ಕಣ್ಣಿಗೆ ಬಿಡುತ್ತ ಕಾಲ ಕಳೆಯಬಾರದು. ಇದನ್ನು ಆಯುರ್ವೇದ ವೈದ್ಯರಾಗಿಯೇ ನಾವು ಒತ್ತಿ ಹೇಳುತ್ತಿದ್ದೇವೆ. ಅಂತಹ ಕಣ್ಣಿಗೆ ಒಂದು ದಿನದ ವಿಳಂಬವೂ ದುಬಾರಿಯಾಗಬಹುದು.

ವಾರಕ್ಕೊಮ್ಮೆ ಮನೆ ಸಾರಿಸಿ ದೀಪದ ಕಂಬ ಬೆಳಗುವ ದಿನವೇ ಕನ್ನಡಿಯ ಮುಂದಿನ ಈ ಸಣ್ಣ ವಸ್ತುಗಳನ್ನೂ ತೊಳೆದು ಒಣಗಲು ಇಟ್ಟರೆ ಅದು ರೂಢಿಯಾಗಿ ಉಳಿಯುತ್ತದೆ. ಅದಕ್ಕೆ ಬೇಕಾದದ್ದು ಕಾಲು ಗಂಟೆ ಮಾತ್ರ.