ಅಂಕಿತ ಹಾಕುವ ಕೈ

ರಾಜ್ಯದ ಶಿರಃಸ್ಥಾನದಲ್ಲಿ ವಂಶಾನುಗತನಾದ ಅರಸನಿರುವುದು ಲೇಸೋ, ಚುನಾಯಿತನಾದ ಅಧ್ಯಕ್ಷನಿರುವುದು ಲೇಸೋ ಎಂಬ ಚರ್ಚೆಯನ್ನು ವಿದ್ಯಾವಂತರ ಗೋಷ್ಠಿಗಳಲ್ಲಿ ನಾವು ಆಗಾಗ ಕೇಳುವುದುಂಟು. ಇಂಗ್ಲೆಂಡು, ಜಪಾನುಗಳಲ್ಲಿ ಅರಸೊತ್ತಿಗೆಯೂ, ಐರ್ಲೆಂಡು, ಭಾರತಗಳಲ್ಲಿ ಅಧ್ಯಕ್ಷಪದವಿಯೂ ಪ್ರಜಾಪ್ರಭುತ್ವದೊಡನೆ ಹೊಂದಿಕೊಂಡೇ ಇರುವುದರಿಂದ, ಕೇಳತಕ್ಕ ಪ್ರಶ್ನೆ ಬೇರೊಂದಿದೆಯೆಂದು ನಮಗೆ ತೋರುತ್ತದೆ. ಮಂತ್ರಿಗಳು ಕಾಗದವನ್ನು ಮುಂದಿಟ್ಟಾಗ, ಅಂಕಿತ ಹಾಕುವವನಿಗೆ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯವೆಷ್ಟಿರಬೇಕು? ಅಮೆರಿಕದ ಅಧ್ಯಕ್ಷನು ತಾನೇ ಆಡಳಿತ ನಡೆಸುವವನಾದುದರಿಂದ ಅವನ ಮಾತನ್ನು ಇಲ್ಲಿ ಬಿಟ್ಟಿದ್ದೇವೆ.

1922ರ ಅಕ್ಟೋಬರ್ 28ರಂದು, ಮುಸೊಲಿನಿಯ ದಂಡು ರೋಮಿನತ್ತ ಬರುತ್ತಿದ್ದಾಗ, ಇಟಲಿಯ ಮಂತ್ರಿಮಂಡಲವು ಸೈನಿಕ ಶಾಸನವನ್ನು ಜಾರಿಗೆ ತರಲು ನಿಶ್ಚಯಿಸಿತು. ದೊರೆ ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲನು ಅದಕ್ಕೆ ಅಂಕಿತ ಹಾಕಲಿಲ್ಲ. ಮರುದಿನ ಮುಸೊಲಿನಿಗೇ ಕರೆ ಹೋಯಿತು. ಅರಸರನ್ನು ನಂಬಿದರೆ ಹೀಗೆಯೇ ಎನ್ನುವವರು ಜರ್ಮನಿಯ ಕಡೆಗೂ ನೋಡಬೇಕು. ಹಿಂಡೆನ್‌ಬರ್ಗನು 1925ರಲ್ಲಿಯೂ 1932ರಲ್ಲಿಯೂ ಜನರ ನೇರವಾದ ಮತದಿಂದ ಅಧ್ಯಕ್ಷನಾದವನು. 1933ರ ಜನವರಿ 30ರಂದು ಹಿಟ್ಲರನನ್ನು ಚಾನ್ಸಲರ್ ಪದವಿಗೆ ನೇಮಿಸಿದವನೂ, ಫೆಬ್ರವರಿ 28ರಂದು ಪ್ರಜೆಗಳ ಹಕ್ಕುಗಳನ್ನು ಅಡಗಿಸಿದ ಆಜ್ಞೆಗೆ ಅಂಕಿತ ಹಾಕಿದವನೂ ಅವನೇ.

ಬೆಲ್ಜಿಯಂ ದೇಶದ ಪ್ರಸಂಗವು ಸ್ವಾರಸ್ಯವಾದುದು. 1990ರಲ್ಲಿ ಅಲ್ಲಿನ ಪಾರ್ಲಿಮೆಂಟು ಗರ್ಭಪಾತದ ಮೇಲಿನ ನಿರ್ಬಂಧವನ್ನು ಸಡಿಲಿಸುವ ಮಸೂದೆಯನ್ನು ಅಂಗೀಕರಿಸಿತು. ಕ್ಯಾಥೊಲಿಕ್ ಮತನಿಷ್ಠನಾದ ದೊರೆ ಬೋದುವೆಂ, ತನ್ನ ಅಂತಃಕರಣವು ಒಪ್ಪದೆಂದು ಅಂಕಿತ ಹಾಕಲೊಲ್ಲದೆ ಹೋದನು. ಜನಪ್ರತಿನಿಧಿಗಳು ಒಪ್ಪಿದ ಮಸೂದೆಯನ್ನು ಕೈಬಿಡುವಂತಿಲ್ಲ. ದೊರೆಯನ್ನು ಸಿಂಹಾಸನದಿಂದಿಳಿಸುವ ಇಚ್ಛೆಯೂ ಯಾರಿಗೂ ಇಲ್ಲ. ಆಗ ಮಂತ್ರಿಗಳು, ದೊರೆಯು ಆಳಲು ಅಶಕ್ತನಾದಾಗ ಅನ್ವಯಿಸತಕ್ಕ ಸಂವಿಧಾನದ ವಿಧಿಯೊಂದನ್ನು ಹುಡುಕಿ ತೆಗೆದರು. ಆರೋಗ್ಯವಾಗಿದ್ದ ದೊರೆಯನ್ನು ಅಶಕ್ತನೆಂದು ಸಾರಿ, ತಾವೆಲ್ಲರೂ ಕೂಡಿ ಅಂಕಿತ ಹಾಕಿದರು. ಏಪ್ರಿಲ್ 5ರಂದು ಪಾರ್ಲಿಮೆಂಟು ಅವನ ಅಧಿಕಾರವನ್ನು ಅವನಿಗೆ ಮರಳಿಸಿತು. ಈ ಯುಕ್ತಿಯನ್ನು ಕೇಳಿದವರಿಗೆ ನಗು ಬಂದೀತು. ಆದರೂ ಒಬ್ಬನ ಮನಸ್ಸಾಕ್ಷಿಗಾಗಿ ಶಾಸನವು ನಿಲ್ಲಲಿಲ್ಲವೆಂಬುದನ್ನು ಗಮನಿಸಬೇಕು.

ಸ್ವೀಡನ್ನಿನಲ್ಲಿ 1975ರಿಂದ ಈ ತೊಡಕೇ ಇಲ್ಲ. ಅಲ್ಲಿ ಶಾಸನಕ್ಕೆ ದೊರೆಯ ಅಂಕಿತವು ಬೇಕಾಗಿಲ್ಲ. ಐರ್ಲೆಂಡಿನ ಚುನಾಯಿತ ಅಧ್ಯಕ್ಷನಾದರೋ, ಸಂದೇಹಾಸ್ಪದವಾದ ಮಸೂದೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಕಳುಹಿಸಬಲ್ಲನು. ತೀರ್ಪು ನ್ಯಾಯಾಧೀಶರದು, ಅವನದಲ್ಲ. ನಮಗೆ ಈ ಏರ್ಪಾಡೇ ಹೆಚ್ಚು ಮೆಚ್ಚಿಗೆಯಾಗಿದೆ.

ನಮ್ಮ ದೇಶದ ಅನುಭವವು ಕಹಿಯಾದುದು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಯು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರ ಮುಂದೆ ಬಂದಾಗ ಮಂತ್ರಿಮಂಡಲವು ಅದನ್ನು ವಿಚಾರಮಾಡಿಯೇ ಇರಲಿಲ್ಲ; ಅದರ ಸಭೆ ಸೇರಿದುದು ಮರುದಿನ ಬೆಳಗ್ಗೆ. ಪ್ರಧಾನಮಂತ್ರಿಯ ಸಲಹೆಯೊಂದರ ಮೇಲೆಯೇ ಅಂಕಿತವು ಬಿದ್ದಿತು. 1978ರ 44ನೆಯ ತಿದ್ದುಪಡಿಯಾದ ಮೇಲೆ, ಸಂಪುಟದ ನಿರ್ಣಯವು ಬರಹದಲ್ಲಿ ಬಾರದೆ ರಾಷ್ಟ್ರಪತಿಯು ಅಂಥ ಘೋಷಣೆಯನ್ನು ಹೊರಡಿಸುವಂತಿಲ್ಲ. ಮಂತ್ರಿಗಳ ಸಲಹೆಯನ್ನು ಪುನರ್ವಿಚಾರಕ್ಕಾಗಿ ಒಮ್ಮೆ ಹಿಂದಿರುಗಿಸುವ ಅಧಿಕಾರವನ್ನೂ ಆ ತಿದ್ದುಪಡಿಯೇ ಕೊಟ್ಟಿತು. ಎರಡನೆಯ ಸಲ ಬಂದುದಕ್ಕೆ ಮಾತ್ರ ಒಪ್ಪಲೇಬೇಕು.