ಯಂತ್ರ ಗೋಡೆ ಮೇಲಿದ್ದರೆ ಸಾಲದು

ವಡಗೇರಾ ಬಸ್ ನಿಲ್ದಾಣದಲ್ಲಿ ಒಬ್ಬರು ದಿಢೀರ್ ಕುಸಿದು ಬಿದ್ದರು ಅಂತ ಇಟ್ಟುಕೊಳ್ಳಿ. ಮೈ ಅಲುಗಾಡ್ತಿಲ್ಲ, ಉಸಿರಿಲ್ಲ. ಒಬ್ಬರು ನೀರು ಚಿಮುಕಿಸ್ತಾರೆ, ಇನ್ನೊಬ್ಬರು ವಿಡಿಯೋ ಮಾಡ್ತಾರೆ. ಎದೆ ಒತ್ತೋರು ಯಾರು?

ಹೃದಯ ನಿಂತ ಮೇಲೆ ಎದೆ ಒತ್ತದೆ, ಶಾಕ್ ಕೊಡದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಕಡಿಮೆಯಾಗುತ್ತದೆ. 108 ಎಷ್ಟೇ ವೇಗವಾಗಿ ಬಂದರೂ ಆ ಮೊದಲ ನಿಮಿಷಗಳು ಪಕ್ಕದಲ್ಲಿ ನಿಂತವರ ಕೈಯಲ್ಲೇ ಇರ್ತವೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರನ್ನು ಕಳೆದುಕೊಂಡೆವು. ಅವರ ಹೆಸರಲ್ಲೇ ಸರ್ಕಾರ ಹೃದಯಜ್ಯೋತಿ ಯೋಜನೆ ತಂದಿತು. ಜನ ಸೇರುವ ಜಾಗಗಳಲ್ಲಿ ಎಇಡಿ ಯಂತ್ರ ಇಡುವ ಮಾತೂ ಅದರಲ್ಲಿತ್ತು. ಒಳ್ಳೆಯದೇ. ಆದರೆ ಯಂತ್ರ ತಾನಾಗಿ ನಡೆದು ಬರಲ್ಲ, ನೋಡಿ.

ಅದನ್ನು ಬಳಸೋಕೆ ಡಾಕ್ಟರೇ ಆಗಬೇಕಿಲ್ಲ. ಆನ್ ಮಾಡಿದರೆ ಯಂತ್ರವೇ ಮಾತಾಡುತ್ತೆ. ಬರಿ ಎದೆಗೆ ಎರಡು ಪ್ಯಾಡ್ ಅಂಟಿಸಿದರೆ ಹೃದಯದ ಬಡಿತ ತಾನೇ ಪರೀಕ್ಷಿಸುತ್ತೆ. ಬೇಕಿದ್ದರೆ ಮಾತ್ರ ಶಾಕ್. ಆಗ ಯಾರೂ ರೋಗಿಯನ್ನು ಮುಟ್ಟಬಾರದು. ಯಂತ್ರ ಬರುವವರೆಗೂ, ಶಾಕ್ ಕೊಟ್ಟ ತಕ್ಷಣವೂ, ಎದೆಯ ಮಧ್ಯೆ ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು.

ಹಾಗಾಗಿ ನನ್ನ ಒತ್ತಾಯ ಇಷ್ಟೇ. ಯಂತ್ರಕ್ಕೆ ಬೀಗ ಹಾಕಬೇಡಿ. ಅದು ಕನ್ನಡದಲ್ಲಿ ಮಾತಾಡಲಿ. ಬ್ಯಾಟರಿ, ಪ್ಯಾಡ್ ಅವಧಿ ನೋಡೋಕೆ ಒಬ್ಬರಿರಲಿ. ಕಂಡಕ್ಟರ್‌ಗಳಿಗೆ, ಆಟೋದವರಿಗೆ, ಚಹಾ ಅಂಗಡಿಯವರಿಗೆ, ಕಾಲೇಜು ಮಕ್ಕಳಿಗೆ ಗೊಂಬೆ ಇಟ್ಟು ಕೈ ಹಿಡಿದು ಕಲಿಸಿ.

ಎಷ್ಟು ಯಂತ್ರ ಕೊಂಡ್ರಿ ಅಂತ ನಾನು ಕೇಳಲ್ಲ. ಎಷ್ಟು ಜನಕ್ಕೆ ಕಲಿಸಿದ್ರಿ? ಅದನ್ನು ಹೇಳಿ.